ಒಂದ ದಿನದಾಗ ನಾಕ ಹವಾ

ಊರಿಂದ ಯಾರ ಫೋನ್ ಮಾಡಿದ್ರೂ ಮೊದಲನೇ ಪ್ರಶ್ನೆ ಒಂದ: "ಹವಾ ಹೆಂಗದವಾ ಅಲ್ಲೆ?" ನಾ ಉತ್ತರಾ ಹೇಳೋದ್ರಾಗ ಇಲ್ಲಿ ಹವಾ ಬದಲಾಗಿರ್ತದ. ಚಾಷ್ಟಿ ಅಲ್ರಿ, ಖರೇನ. ಹೋದ ವಾರ ಮೌಶಿ ಫೋನ್ ಹಚ್ಚಿದಾಗ ಹಿತ್ತಲದಾಗ ಛೊಲೋ ಬಿಸಲಿತ್ತು. ಅವರು ಮಗನ ಲಗ್ನದ ಸುದ್ದಿ ಮುಗಸೋದ್ರಾಗ ಮಳಿ ಹೊಡದು, ನಿಂತು, ಕಾಮನಬಿಲ್ಲು ಮೂಡಿ, ಮತ್ತ ಬಿಸಲು ಬಿದ್ದಿತ್ತು.

ಈ ಸಲಾ ನೀವೆಲ್ಲಾರೂ ಬ್ಯಾರೆ ಕಾರಣಕ್ಕ ಕೇಳ್ಲಿಕ್ಕತ್ತೀರಿ ಅಂತ ನಂಗ ಗೊತ್ತದ. ನಮ್ಮ ಅತ್ತಿಯವರು ಇಲ್ಲೇ ಇರ್ತಾರೋ, ಧಾರವಾಡಕ್ಕ ವಾಪಸ್ ಬರ್ತಾರೋ ಅಂತ. ಮಾವನವರು ಹೋದ ಮ್ಯಾಲೆ ಅವರನ್ನ ಒಬ್ಬರನ್ನ ಅಷ್ಟ ದೊಡ್ಡ ಮನ್ಯಾಗ ಬಿಡಬಾರದಂತ 2024ರ ಅಕ್ಟೋಬರದಾಗ ಐರ್ಲೆಂಡಿಗೆ ಕರಕೊಂಡು ಬಂದ್ವಿ. (ವೀಸಾ ಕಾಗದದ ಪುರಾಣ ಇನ್ನೊಂದ ದಿನ ಬರೀತೀನಿ, ಅದಕ್ಕ ಎರಡ ಕಪ್ ಚಹಾ ಬೇಕು.) ಈಗ ಒಂದ ಸುತ್ತು ಎಲ್ಲಾ ಕಾಲ ನೋಡಿದ್ದಾತು ಅವರದ್ದು. ಹಂಗಾಗಿ ಹವಾದ ಕತಿ ಪೂರ್ತಿ ಹೇಳಿ, ಅವರ ಸುದ್ದಿಗೆ ಬರ್ತೀನಿ.

ನಾವಿರೋದು ಪಶ್ಚಿಮದ ದಂಡಿಗೆ, ಗಾಲ್ವೇ ಕಡೆ. ಇಲ್ಲಿಂದ ಮುಂದ ಅಮೆರಿಕಾದ ತನಕ ಬರೇ ಅಟ್ಲಾಂಟಿಕ್ ಸಮುದ್ರ. ಆ ನೀರಿನ ಮ್ಯಾಲಿಂದ ಮಳಿ ಗಾಳಿ ಒಂದರ ಹಿಂದ ಒಂದು ಸಾಲಾಗಿ ಬರ್ತಾವ, ತಡಿಯಾಕ ನಡುವ ಗುಡ್ಡಾ ಇಲ್ಲಾ, ನಾಡೂ ಇಲ್ಲಾ. ಭೂಪಟದಾಗ ಅಡ್ಡಗೆರಿ ಎಳದ್ರ ಕೆನಡಾದ ಲ್ಯಾಬ್ರಡಾರ್ ಇದೇ ಗೆರಿಗೆ ಬರ್ತದ. ಅಲ್ಲೆ ಚಳಿಗಾಲಕ್ಕ ಎಲ್ಲಾ ಹೆಪ್ಪಗಟ್ಟತದ. ಇಲ್ಲೆ ಜನವರಿ ಹಗಲಿಗೆ 8 ಡಿಗ್ರಿ ಇರ್ತದ, ಬರ್ಫ ಬೀಳೋದ ಅಪರೂಪ. ದಕ್ಷಿಣದಿಂದ ಬರೋ ಬೆಚ್ಚನ್ನ ಸಮುದ್ರ ಪ್ರವಾಹದ ಪುಣ್ಯಾ. ಬ್ಯಾಸಿಗಿ ಅಂದ್ರ 18-20 ಡಿಗ್ರಿ. ಮನ್ಯಾಗ ಫ್ಯಾನ್ ಇಲ್ಲ ಅಂದ್ರ ನಮ್ಮ ವೈನಿ ಈಗ್ಲೂ ನಂಬಂಗಿಲ್ಲ.

ಇನ್ನೊಂದ ಮಜಾ ಕೇಳ್ರಿ. ಪೂರ್ವಕ್ಕ ಡಬ್ಲಿನ್ ಅದಲ್ಲಾ, ಅಲ್ಲೆ ವರ್ಷಕ್ಕ ಬೀಳೋ ಮಳಿಯೂ ನಮ್ಮ ಧಾರವಾಡದ ಮಳಿಯೂ ಹೆಚ್ಚೂಕಮ್ಮಿ ಒಂದ, 800 ಮಿ.ಮೀ. ಆಸುಪಾಸು. ಆದ್ರ ನಮ್ಮ ಮಳಿ ನಾಕ ತಿಂಗಳಿನಾಗ ಸುರದು ಕೆಲಸಾ ಮುಗಿಸಿ ಹೋಗ್ತದ. ಇಲ್ಲೆ ಅದನ್ನ ಒಗ್ಗರಣಿಗೆ ಸಾಸಿವಿ ಹಾಕಿಧಂಗ ಚೂರ ಚೂರ ಇಡೀ ವರ್ಷಕ್ಕ ಹಂಚಿಡ್ತದ. ಪೂರ್ವದಾಗ 150 ದಿನಾ ಮಳಿ ಅಂದ್ರ ನಮ್ಮ ಪಶ್ಚಿಮದಾಗ ಕೆಲವು ಕಡೆ 225 ದಿನಾ. ಝಡಿ ಹಿಡದು ಮೋಡಾ ನೆಲಕ್ಕ ಇಳದಿದ್ರ ಇಲ್ಲಿ ಮಂದಿ ಅದಕ್ಕ "ಸಾಫ್ಟ್ ಡೇ" ಅಂತ ನಕ್ಕೋತ ಅಂತಾರ. ತೊಯ್ದು ತೊಪ್ಪಿ ಆದವರಿಗೆ ಮೆತ್ತಗಿನ ದಿನ!

ಹೆಣ್ಮಕ್ಕಳ ನಿಜವಾದ ಪರದಾಟ ಅರಿವಿ ಒಣಗಿಸೋದ್ರಾಗ ಅದ. ಇಲ್ಲೆ ಇಬ್ಬರು ಭೆಟ್ಟಿ ಆದ್ರ "ಇವತ್ತ ಒಣಗಾಕ ಛೊಲೋ ದಿನಾ" ಅಂತನ ಮಾತ ಶುರು. ಬಿಸಲು ಬೇಕಂತಿಲ್ಲ, ಗಾಳಿ ಇದ್ರ ಸಾಕು. ಬಾಜೂಮನಿ ಅಜ್ಜಿ ಎಂಬತ್ತರ ಮ್ಯಾಲಿನಾಕಿ, ಗ್ವಾಡಿ ಮ್ಯಾಲಿಂದ "ರೇನ್!" ಅಂತ ಒಂದ ಕೂಗ ಹಾಕಿದ್ಲಂದ್ರ ಇಡೀ ಓಣಿ ಹೆಣ್ಮಕ್ಕಳು ಹಿತ್ತಲಕ್ಕ ಓಡಬೇಕು. ಮನ್ಯಾಗ ಇಲ್ಲದವರ ಅರಿವಿ ಆಕೀನ ತಗದು ಮಡಚಿ ಬಾಗಲದಾಗ ಇಟ್ಟಿರ್ತಾಳ. ನಮ್ಮ ಅತ್ತಿಯವರಿಗೆ ಆಕಿ ಇಂಗ್ಲಿಷ್ ತಿಳಿಯಂಗಿಲ್ಲ, ಆಕಿಗೆ ಇವರ ಕನ್ನಡ ತಿಳಿಯಂಗಿಲ್ಲ. ಆ ಒಂದ ಶಬ್ದದ ಮ್ಯಾಲೆ ದೋಸ್ತಿ ಆತು.

ಮೇ ತಿಂಗಳದಾಗ ಅತ್ತಿಯವರು ಶಂಡಗಿ ಹಾಕೇ ಹಾಕ್ತೀನಿ ಅಂತ ಹಟಾ ಹಿಡದ್ರು. ಮೇ ತಿಂಗಳ ಇಲ್ಲಿ ವರ್ಷದಾಗ ಎಲ್ಲಾಕಿಂತ ಛೊಲೋ ತಿಂಗಳ, ಬೇಲಿಗುಂಟ ಹಾಥಾರ್ನ್ ಗಿಡಾ ಬೆಳ್ಳಗ ಹೂ ಬಿಟ್ಟಿರ್ತಾವ. ಧೋತರಾ ಹಾಸಿ ಅಕ್ಕಿ ಶಂಡಗಿ ಇಟ್ರು. ಮುಂಜಾನಿಂದ ಸಂಜೀತನಕಾ ನಾವಿಬ್ಬರೂ ಆ ಧೋತರದ ನಾಕ ಮೂಲಿ ಹಿಡಕೊಂಡು ಒಳಗ-ಹೊರಗ ಐದ ಸಲಾ ಮಾಡಿದ್ವಿ. ಕಡೀಕ ಒಣಗಿದ್ದು ಖೋಲಿ ಕಾಯಿಸೋ ರೇಡಿಯೇಟರ್ ಮ್ಯಾಲೆ. ಎಣ್ಯಾಗ ಅರಳಿದುವು, ಅದ ದೊಡ್ಡದು.

ಅತ್ತಿಯವರಿಗೆ ಬಗೀಹರಿಯದ ಮಾತ ಅಂದ್ರ ಇಲ್ಲಿ ಮಳಿಗೆ ಹೆಸರಿಲ್ಲ. ನಮಗಾದ್ರ ರೋಹಿಣಿ, ಮಿರಗಾ, ಆರಿದ್ರಾ ಅಂತ ಪಂಚಾಂಗ ನೋಡಿ ದಾರಿ ಕಾಯಬಹುದು. ಇಲ್ಲೆ ಹೆಸರಿಡೋದು ಬಿರುಗಾಳಿಗೆ. 2015ರಿಂದ ಬ್ರಿಟನ್ ಮತ್ತ ಐರ್ಲೆಂಡಿನ ಹವಾಮಾನ ಇಲಾಖೆ ಕೂಡೇ ಅಕ್ಷರದ ಸಾಲಿಲೆ ಹೆಸರಿಡ್ತಾವ. ಅವರು ಬಂದ ಮೊದಲನೇ ಚಳಿಗಾಲದಾಗನ ಏಯೋವಿನ್ ಬಂತು, 2025ರ ಜನವರಿ 24ಕ್ಕ. ಇಡೀ ದೇಶಕ್ಕ ಕೆಂಪು ಎಚ್ಚರಿಕಿ. ನಮ್ಮ ಜಿಲ್ಲಾದ ಮೇಸ್ ಹೆಡ್‌ದಾಗ ಗಾಳಿ ತಾಸಿಗೆ 180 ಕಿ.ಮೀ. ಮೀರಿ ಬೀಸಿ 1945ರ ದಾಖಲೆ ಮುರೀತು. 7.5 ಲಕ್ಷಕ್ಕಿಂತ ಹೆಚ್ಚು ಮನಿ ಅಂಗಡಿಗೆ ಕರೆಂಟ್ ಹೋತು. ಬೆಳಗಿನ ಝಾವದಾಗ ಮನಿ ಛಾವಣಿ ದನಾ ಒದರಿಧಂಗ ಒದರ್ತಿತ್ತು. ಅತ್ತಿಯವರು ಮಗಳನ್ನ ಕೌದ್ಯಾಗ ಸುತ್ತಿ, ಜೀನಿ ಕೆಳಗ ಕೂತು, ವಿಷ್ಣು ಸಹಸ್ರನಾಮ ಹೇಳಿದ್ರು. ಎರಡ ಸಲಾ ಮುಗೀತು, ಗಾಳಿ ನಿಲ್ಲಲಿಲ್ಲ.

ನಮಗ ಕರೆಂಟ್ ಬಂದದ್ದು ಆರನೇ ದಿನಾ. ಕರೆಂಟ್ ಇಲ್ಲಂದ್ರ ಕಾಯಿಸೋ ಯಂತ್ರಿಲ್ಲ, ಒಲಿ ಇಲ್ಲ. ಬಾಜೂಮನಿ ಅಜ್ಜಿ ಮನ್ಯಾಗ ಹಳೇ ಕಬ್ಬಿಣದ ಒಲಿ ಅದ, ಟರ್ಫ್ ಅಂತ ನೆಲದಿಂದ ಕಡದು ಒಣಗಿಸಿದ ಕರೀ ಮಣ್ಣಿನ ಹೆಂಟಿ ಹಾಕಿ ಉರಸ್ತಾರ. ಕುಳ್ಳಿನ ಕಂಡಂಗ ಆತು ನಮ್ಮ ಅತ್ತಿಯವರಿಗೆ! ದಿನಾ ಎರಡ ಹೊತ್ತು ಅಲ್ಲೇ ಭಕ್ಕರಿ ಬಡದ್ರು, ಎರಡೂ ಮನಿಗೆ. ಅಜ್ಜಿಗೆ ಜ್ವಾಳದ ಭಕ್ಕರಿಗೆ ಬೆಣ್ಣಿ ಹಚಗೊಂಡು ತಿನ್ನೋ ಚಟಾ ಹತ್ತಿಬಿಟ್ಟದ.

ಅದಾಗಿ ವಾರಕ್ಕ ಫೆಬ್ರವರಿ 1. ಇಲ್ಲಿ ಹಳೇ ಲೆಕ್ಕದಾಗ ವಸಂತ ಶುರು, ಬ್ರಿಜಿಡ್ ಅನ್ನೋ ಸಂತಿ ಹಬ್ಬ. ಹಿಂದಿನ ರಾತ್ರಿ ಅಜ್ಜಿ ಒಂದ ಅರಿವಿ ತುಣುಕು ಹೊರಗ ಇಟ್ಟು, ಮುಂಜಾನೆ ಅದರಾಗ ಅರ್ಧಾ ಹರದು ಅತ್ತಿಯವರಿಗೆ ಕೊಟ್ಲು, ತಲಿನೋವಿಗೆ ಕಟಗೋಬೇಕಂತ. ಇವರೂ ದೇವರ ಮುಂದ ಇಟ್ಟಾರ. ಬ್ಯಾಸಿಗ್ಯಾಗ ಅಜ್ಜಿ ಮೊಮ್ಮಗಳ ಲಗ್ನ ಇತ್ತು. ಮಳಿ ಬರಬಾರದಂತ ಹಿಂದಿನ ರಾತ್ರಿ ಬಾಲ ಏಸುವಿನ ಮೂರ್ತಿ ಬೇಲಿ ಬುಡಕ ಇಡೋ ಪದ್ಧತಿ ಅದ ಇಲ್ಲೆ. ಅತ್ತಿಯವರು ಕೇಳಿ ಕೇಳಿ ನಕ್ರು. ನಮ್ಮ ಕಡೆ ಮಳಿ ಬಾ ಅಂತ ಹಂಚಿನ ಮ್ಯಾಲೆ ಗುರ್ಜಿ ಹೊತಗೊಂಡು ಓಣಿ ಅಡ್ಡಾಡ್ತೀವಿ, ಇಲ್ಲೆ ಬರಬ್ಯಾಡ ಅಂತ ದೇವರನ್ನ ಮಳ್ಯಾಗ ನಿಲ್ಲಸ್ತಾರ, ಅಂದ್ರು. ಲಗ್ನದ ದಿನಾ ಮಧ್ಯಾಹ್ನದ ತನಕಾ ಬಿಸಲಿತ್ತು, ಊಟದ ಹೊತ್ತಿಗೆ ಮಳಿ ಬಂತು. ಅರ್ಧಾ ವರಾ ಅಂತ ಲೆಕ್ಕಾ.

ಈಗ ದೀಪದ ಮಾತು. ಅತ್ತಿಯವರು ಐವತ್ತ ವರ್ಷದಿಂದ ಹೊತ್ತು ಮುಳುಗೋ ಹೊತ್ತಿಗೆ ದೇವರ ಮುಂದ ದೀಪಾ ಹಚ್ಚತಾರ. ಜೂನ್‌ದಾಗ ಇಲ್ಲೆ ಹೊತ್ತು ಮುಳುಗೋದು ರಾತ್ರಿ ಹತ್ತಕ್ಕ! ಎಲ್ಲಾರೂ ಉಂಡು, ಮಗಳು ಮಲಗಿದ ಮ್ಯಾಲೆ ಇವರು ದೀಪದ ಮುಂದ ಆಕಳಸಕೋತ ಕೂಡತಿದ್ರು. ಅದು ನಗೋ ಮಾತು. ಡಿಸೆಂಬರಿನದು ನಗೋ ಮಾತಲ್ಲ. ಮುಂಜಾನೆ ಒಂಬತ್ತಕ್ಕ ಬೆಳಕು, ಮಧ್ಯಾಹ್ನ ನಾಕೂ ಇಪ್ಪತ್ತಕ್ಕ ಕತ್ತಲಿ. ನಾವು ಕೆಲಸಕ್ಕ ಹೋಗೋದೂ ಕತ್ತಲದಾಗ, ಬರೋದೂ ಕತ್ತಲದಾಗ. ಅವರೊಬ್ಬರ ಖಿಡಕಿ ಮುಂದ. ಹೋದ ಡಿಸೆಂಬರದಾಗ ಒಂದ ದಿನಾ ನಾ ಬಂದಾಗ ಮನಿ ದೀಪಾ ಒಂದೂ ಹಚ್ಚಿರಲಿಲ್ಲ, ಖುರ್ಚಿ ಮ್ಯಾಲೆ ಸುಮ್ಮನ ಕೂತಿದ್ರು. "ಎಷ್ಟ ಹೊತ್ತಾತೋ ತಿಳೀಲಿಲ್ಲವಾ" ಅಂದ್ರು. ಆಮ್ಯಾಲೆ ಡಾಕ್ಟರು ಡಿ ಜೀವಸತ್ವದ ಗುಳಿಗಿ ಕೊಟ್ರು, ತಗೊಂಡ್ರು. ಗುಳಿಗಿಯಿಂದ ಕಟ್ಟಿ ಮ್ಯಾಲೆ ಕೂತು ಮಾತಾಡೋ ಮಂದಿ ಬರಂಗಿಲ್ಲಲಾ.

ಈ ಸೆಪ್ಟೆಂಬರದಾಗ ಸಂಜಿ ಸಣ್ಣದಾಗಲಿಕ್ಕತ್ತ ಕೂಡಲೆ ಅವರ ಹೇಳಿದ್ರು: "ಥಂಡಿ ತಡಕೋತೀನಿ, ಗಾಳೀನೂ ತಡಕೋತೀನಿ. ಆ ಕತ್ತಲೀ ಇನ್ನೊಮ್ಮೆ ಬ್ಯಾಡ." ನಮ್ಮನಿಯವರಿಗೆ ಸಿಟ್ಟ ಬಂತು, ಬಿಪಿ ಶುಗರ್ ಇಟಗೊಂಡು ಒಬ್ಬರ ಹೆಂಗ ಇರ್ತೀ ಅಂತ. ನಾ ಅತ್ತಿಯವರ ಕಡೆ. ಐದ ತಿಂಗಳ ಚಳಿಗಾಲ ಅಲ್ಲೆ, ಏಪ್ರಿಲ್‌ಕ್ಕ ಮತ್ತ ಇಲ್ಲೆ, ಅಂತ ಠರಾವ ಆತು. ನವೆಂಬರ್ ಮೊದಲನೇ ವಾರ ಬರ್ತಾರ.

ವೈನಿ, ಕಾಕು, ನಿಮ್ಮಿಬ್ಬರಿಗೂ ಒಂದ ಕೆಲಸ ಹೇಳ್ತೀನಿ. ಕೀಲಿ ನಿಮ್ಮ ಕಡೇನ ಅದ, ಒಮ್ಮೆ ಕಸಾ ಹೊಡಿಸಿ, ಖಿಡಕಿ ತಗದಿಡ್ರಿ. ಮೊದಲನೇ ಎಂಟ ದಿನಾ ರಾತ್ರಿ ಯಾರರೆ ಅವರ ಜೋಡಿ ಮಲಗ್ರಿ, ಬ್ಯಾಡಂದ್ರೂ ಮಲಗ್ರಿ. ಸಂಜೀಕ ಕಟ್ಟಿ ಮ್ಯಾಲೆ ಕರಕೊಂಡು ಕೂಡ್ರಿ. ಮತ್ತ ಜ್ವಾಳದ ಹಿಟ್ಟು ಐದ ಕಿಲೋ ಬೀಸಿಸಿ ಇಟ್ಟಿರ್ರಿ. ಏಪ್ರಿಲ್‌ದಾಗ ಬರೋವಾಗ ಅಜ್ಜಿಗೆ ತರಬೇಕಂತ.