ಮೈಯೊಳಗಿನ ಪಿಗ್ಮಿ ಖಾತೆ

ಉಡುಪಿ ಕಡೆಯ ಹೆಂಗಸರಿಗೆ ಪಿಗ್ಮಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಇಲ್ಲಿ ಶುರುಮಾಡಿದ ಉಳಿತಾಯ ಅದು. ದಿನಕ್ಕೆ ಎರಡಾಣೆಯಾದರೂ ಸಾಕಿತ್ತು, ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಎಂಬ ಮಾತು ನಮ್ಮ ಬಾಯಲ್ಲಿ ಉಳಿದಿದೆ. ನಲುವತ್ತು ದಾಟಿದವರ ತೋಳು-ತೊಡೆಗಳ ವಿಚಾರ ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಪಿಗ್ಮಿಯೇ.

ನಮ್ಮ ಅಜ್ಜಿಯಂದಿರು ತಮಗೆ ಗೊತ್ತಿಲ್ಲದೆಯೇ ಮೈಯ ಖಾತೆಗೆ ದಿನವೂ ಜಮೆ ಮಾಡುತ್ತಿದ್ದರು. ಬಾವಿಯಿಂದ ನೀರು ಸೇದುವುದು, ಕಡೆಯುವ ಕಲ್ಲು ತಿರುಗಿಸುವುದು, ಸೊಪ್ಪಿನ ಹೊರೆ ಹೊರುವುದು. ಆಮೇಲೆ ಪಂಪು, ಮಿಕ್ಸಿ, ಗ್ಯಾಸು ಬಂದವು. ಬಂದದ್ದು ಒಳ್ಳೆಯದೇ, ಆ ದುಡಿತ ಮತ್ತೆ ಬೇಕೆನ್ನುವವಳು ನಾನಲ್ಲ. ಆದರೆ ಜಮೆ ನಿಂತಿತು, ಖರ್ಚು ನಿಲ್ಲಲಿಲ್ಲ. ಮೂವತ್ತರ ಬಳಿಕ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಸ್ನಾಯು ಕರಗುತ್ತದೆ ಎನ್ನುತ್ತಾರೆ ತಿಳಿದವರು. ಮುಟ್ಟು ನಿಂತ ಮೇಲೆ ಎಲುಬೂ ಸವೆಯುತ್ತದೆ.

ಕಾಪುವಿನ ನನ್ನ ದೊಡ್ಡಮ್ಮ ಹೊಸ್ತಿಲಲ್ಲಿ ಎಡವಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. "ಬಿದ್ದದ್ದಕ್ಕೆ ಬೇಸರವಿಲ್ಲ ಮಗೂ, ಪಾಯಿಖಾನೆಗೆ ಹೋಗಲೂ ಇನ್ನೊಬ್ಬರು ಎಬ್ಬಿಸಬೇಕಲ್ಲ" ಎಂದರು. ಆ ಮಾತೇ ನನ್ನನ್ನು ನಲುವತ್ತೇಳನೆಯ ವಯಸ್ಸಿನಲ್ಲಿ ಮಣಿಪಾಲದ ಜಿಮ್ ಒಂದರ ಮೆಟ್ಟಿಲು ಹತ್ತಿಸಿತು. ಒಳಗೆ ಕನ್ನಡಿಯ ಮುಂದೆ ಕಾಲೇಜು ಹುಡುಗರು; ನಡುವೆ ಚೂಡಿದಾರದ ಟೀಚರು! ಕಲಿಸುವ ಹುಡುಗಿ ಮೊದಲ ದಿನ ಕಬ್ಬಿಣ ಮುಟ್ಟಿಸಲೇ ಇಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿಸಿ ಕೂರಿಸಿದಳು. ಮಕ್ಕಳಿಗೆ ಬಸ್ಕಿ ಹೊಡೆಸುವ ಕಾಲದ ಟೀಚರಿಗೆ ಸರಿಯಾದ ಪಾಠ!

ಇದಕ್ಕೆ ಜಿಮ್ಮೇ ಬೇಕೆಂದಿಲ್ಲ. ಬಿ.ಪಿ., ಸಕ್ಕರೆ, ಗಂಟುನೋವು ಇರುವವರು ಮೊದಲು ಡಾಕ್ಟರನ್ನು ಕೇಳಿ. ಮನೆಯಲ್ಲಿ ಒಂದು ಗಟ್ಟಿ ಕುರ್ಚಿ, ಗೋಡೆ, ನೀರು ತುಂಬಿದ ಎರಡು ಬಾಟಲಿ ಸಾಕು. ಕುರ್ಚಿಯಿಂದ ಏಳುವುದು, ಗೋಡೆಯನ್ನು ಎರಡೂ ಕೈಯಿಂದ ತಳ್ಳುವುದು, ಬಾಟಲಿ ಎತ್ತುವುದು. ಒಂದೊಂದನ್ನೂ ಎಂಟು-ಹನ್ನೆರಡು ಸಲ. ಕೊನೆಯ ಎರಡು ಸಲ ಸ್ವಲ್ಪ ಕಷ್ಟವಾಗಬೇಕು. ಅದೂ ಸುಲಭವಾದರೆ ಭಾರ ತುಸು ಏರಿಸಿ. ಎತ್ತುವಾಗ ಉಸಿರು ಬಿಡಿ, ಹಿಡಿದಿಟ್ಟುಕೊಳ್ಳಬೇಡಿ. ಮರುದಿನ ಮಾಂಸಖಂಡ ನೊಂದರೆ ಹೆದರಬೇಕಿಲ್ಲ. ಗಂಟಿನಲ್ಲಿ ಚುಚ್ಚಿದರೆ ನಿಲ್ಲಿಸಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ ಎರಡು ದಿನ. ನಡುವೆ ಒಂದು ದಿನ ಬಿಡುವಿರಲಿ, ಊಟದಲ್ಲಿ ಹೆಸರುಕಾಳೋ ಮೊಸರೋ ಮೀನೋ ಇರಲಿ.

"ಈ ಪ್ರಾಯದಲ್ಲಿ ಪೈಲ್ವಾನಳಾಗಬೇಕಾ ಮಾರಾಯ್ತಿ?" ಎಂದು ನಕ್ಕಳು ಕಾರ್ಕಳದ ಗೆಳತಿ. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದ ಕತೆ ಹೇಳಿದೆ. ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಭಾರ ಎತ್ತಿಸಿದಾಗ ಕಾಲಿನ ಬಲ ಎರಡು ಪಟ್ಟಿಗೂ ಮಿಕ್ಕಿ ಬೆಳೆದಿತ್ತು. ಗೆಳತಿ ಮಾತಾಡಲಿಲ್ಲ. ಈಗ ಗೊಮ್ಮಟಬೆಟ್ಟದ ಮೆಟ್ಟಿಲನ್ನು ಎರಡೇ ಕಡೆ ನಿಂತು ಹತ್ತುತ್ತಾಳೆ.

ಈ ಖಾತೆಗೆ ಒಂದೇ ಕೊರತೆ. ಹಣ ಕೇಳಿಕೊಂಡು ಬಾಗಿಲಿಗೆ ಬರುವ ಏಜೆಂಟರಿಲ್ಲ. ನಾವೇ ಎದ್ದು ಕಟ್ಟಬೇಕು.