ಸಿಂಧನೂರು, ಮಸ್ಕಿ, ಲಿಂಗಸುಗೂರು: ಉಣ್ಣಾಕ ಎಲ್ಲಿ ಹೋಗಬೇಕು?

ಬೆಂಗಳೂರಿನಲ್ಲಿರುವ ಗೆಳೆಯರು ವರ್ಷಕ್ಕೊಮ್ಮೆಯಾದರೂ ಫೋನ್ ಮಾಡಿ, ‘ನಿಮ್ಮ ಕಡೆ ಬರ್ತಾ ಇದೀವಿ, ನೋಡೋಕೆ ಏನೇನಿದೆ?’ ಅಂತ ಕೇಳುತ್ತಾರೆ. ಇದಕ್ಕೆ ಉತ್ತರ ಸುಲಭ. ಮಸ್ಕಿಯಲ್ಲಿ ಅಶೋಕನ ಶಾಸನ ಇದೆ, ಮುದಗಲ್ಲಿನಲ್ಲಿ ಕೋಟೆ ಇದೆ, ಕೃಷ್ಣಾ ನದಿಯ ನಡುವೆ ಜಲದುರ್ಗ ಇದೆ. ಆಮೇಲೆ ಬರುವ ಪ್ರಶ್ನೆಗೆ ಮಾತ್ರ ನಾನು ತುಸು ಹೊತ್ತು ಸುಮ್ಮನಾಗುತ್ತೇನೆ. ‘ಊಟಕ್ಕೆ ಒಳ್ಳೆ ಹೋಟೆಲ್ ಯಾವುದು?’

ಫೋನಿನ ನಕ್ಷೆ ತೆರೆದರೆ ಚುಕ್ಕೆ ಪಡೆದ ಹೋಟೆಲುಗಳು ಸಿಂಧನೂರಿನಲ್ಲಿ ಬೇಕಾದಷ್ಟಿವೆ. ಮದುವೆಗೆ ಬಂದವರು, ಲಾಡ್ಜಿನಲ್ಲಿ ಉಳಿದ ಬೀಜ-ಗೊಬ್ಬರ ಕಂಪನಿಯವರು ಚುಕ್ಕೆ ಕೊಟ್ಟು ಹೋಗಿರುತ್ತಾರೆ. ಎ.ಸಿ. ಇರುತ್ತದೆ, ಗೋಬಿ ಮಂಚೂರಿ ಇರುತ್ತದೆ, ಪನೀರ್ ಇರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು ಮತ್ತೆ ಗೋಬಿ ಮಂಚೂರಿಯನ್ನೇ ತಿನ್ನುವುದಾದರೆ ಇಲ್ಲಿಯವರೆಗೆ ಯಾಕೆ ಬರಬೇಕು ಅನ್ನುವುದು ನನ್ನ ತಕರಾರು. ಹೋದ ಚಳಿಗಾಲದಲ್ಲಿ ನಮ್ಮ ಬ್ಯಾಚಿನ ಮೂವರು ಎರಡು ಬೈಕ್ ಹಿಡಿದು ಮೂರು ದಿನ ಈ ಮೂರು ತಾಲ್ಲೂಕು ಸುತ್ತಿದೆವು. ಆ ತಿರುಗಾಟದ ಲೆಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಸಿಂಧನೂರಿನ ಮುಂಜಾನೆಗೆ ಯಾರನ್ನೂ ಕೇಳಬೇಕಾಗಿಲ್ಲ. ಬಸ್‌ಸ್ಟ್ಯಾಂಡಿನಿಂದ ಹೊರಗೆ ಬಿದ್ದು, ಎಣ್ಣೆ ಬಾಣಲೆಯ ಸುತ್ತ ಹಮಾಲರು, ಲಾರಿ ಕ್ಲೀನರುಗಳು, ಸ್ಕೂಲ್ ಮಾಸ್ತರರು ಒಟ್ಟಿಗೆ ನಿಂತಿರುವ ಬಂಡಿ ಯಾವುದೋ ಅಲ್ಲಿಗೆ ಹೋಗಿ ನಿಂತರಾಯಿತು. ಮಂಡಾಳು ಒಗ್ಗರಣಿ ಮತ್ತು ಮಿರ್ಚಿ. ಮಂಡಾಳನ್ನು ನೀರಿನಲ್ಲಿ ಅದ್ದಿ, ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ತಿರುವುತ್ತಾರೆ. ಹಿಂಡುವ ಕೈ ಪಳಗಿರಬೇಕು. ನೀರು ಉಳಿದರೆ ಮುದ್ದೆಯಾಗುತ್ತದೆ, ಹೆಚ್ಚು ಹಿಂಡಿದರೆ ಬಾಯಿಗೆ ಒಣಒಣ. ಪಕ್ಕದಲ್ಲಿ ಕಡಲೆ ಹಿಟ್ಟಿನಲ್ಲಿ ಅದ್ದಿ ಕರಿದ ಉದ್ದನೆಯ ಮಿರ್ಚಿ. ಕಟ್ಟಿಸಿಕೊಂಡು ಹೋಗುವವರಿಗೆ ಪೇಪರಿನ ತುಂಡಿನಲ್ಲಿ ಕಟ್ಟಿಕೊಡುತ್ತಾರೆ. ನಮ್ಮಂಥವರು ರಾತ್ರಿ ಕೂತು ಬರೆದ ಸುದ್ದಿ ವಾರದೊಳಗೆ ಮಿರ್ಚಿಯ ಎಣ್ಣೆ ಹೀರಿಕೊಳ್ಳುವ ಕೆಲಸಕ್ಕೆ ಹಾಜರಾಗಿರುತ್ತದೆ. ಓದುಗರ ಕೈ ಸೇರಿತಲ್ಲ, ಅಷ್ಟು ಸಾಕು.

ಮಧ್ಯಾಹ್ನದ ಊಟಕ್ಕೆ ಮಾತ್ರ ಈ ಸೀಮೆಯ ನೀರಿನ ಕತೆ ಗೊತ್ತಿರಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ನಾಲೆಯ ನೀರು ಸಿಂಧನೂರಿನ ಕಪ್ಪು ಹೊಲಗಳಿಗೆ ಬಂತು. ನೀರಿನ ಹಿಂದೆ ಆಂಧ್ರದ ರೈತರು ಬಂದು ಭೂಮಿ ಕೊಂಡು ನೆಲೆಸಿದರು. ಅವರು ನಿಂತ ಜಾಗಗಳಿಗೆಲ್ಲ ಇವತ್ತಿಗೂ ‘ಕ್ಯಾಂಪು’ ಅಂತಲೇ ಹೆಸರು. ಜೋಳದ ಊರು ಭತ್ತದ ಊರಾಯಿತು. ಪೇಟೆಯಲ್ಲಿ ಆಂಧ್ರ ಮೆಸ್ಸುಗಳು ಹುಟ್ಟಿದವು. ಬಿಸಿ ಸೋನಾ ಮಸೂರಿ ಅನ್ನ, ಪಪ್ಪು, ತುಪ್ಪ, ಒಂದು ಮೂಲೆಯಲ್ಲಿ ಕೆಂಪಗೆ ಗೋಂಗೂರ ಚಟ್ನಿ. ಹೊರಗಿನಿಂದ ಬಂದ ಗೆಳೆಯರು ಗೋಂಗೂರಕ್ಕೆ ಮಾರುಹೋಗುತ್ತಾರೆ. ಅದೇ ಸೊಪ್ಪು ನಮ್ಮ ಪುಂಡಿ. ಅವ್ವ ಅದನ್ನೇ ತೊಗರಿಬೇಳೆ, ಜೋಳದ ನುಚ್ಚು ಹಾಕಿ ಕುದಿಸಿ ಪುಂಡಿಪಲ್ಲೆ ಮಾಡುತ್ತಾಳೆ. ಒಂದೇ ಸೊಪ್ಪು ಅನ್ನದ ಜೊತೆ ಒಂದು ಹೆಸರು, ರೊಟ್ಟಿಯ ಜೊತೆ ಇನ್ನೊಂದು ಹೆಸರು ಇಟ್ಟುಕೊಂಡಿದೆ.

ಸಂಜೆ ಹೊತ್ತಿಗೆ ಬಂಗಾಲಿ ಕ್ಯಾಂಪಿನ ಕಡೆ ಹೋಗಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರನ್ನು 1970ರ ದಶಕದ ಆರಂಭದ ಹೊತ್ತಿಗೆ ಸರ್ಕಾರ ಸಿಂಧನೂರಿನ ಹತ್ತಿರ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಗೊಳಿಸಿತು. ನಾವು ಎಲ್ಲರೂ ‘ಆರ್.ಎಚ್. ಕ್ಯಾಂಪ್’ ಅನ್ನುವುದು ಇವನ್ನೇ. ಅಲ್ಲಿ ಚಹಾ ಕುಡಿಯುತ್ತ ಕೂತಾಗ ಅಂಗಡಿಯ ಅಜ್ಜ ಹಸಿಮೆಣಸು, ಉಳ್ಳಾಗಡ್ಡಿ ಹೆಚ್ಚಿ, ಸಾಸಿವೆ ಎಣ್ಣೆ ಬಿಟ್ಟು ಒಂದು ಬಟ್ಟಲಲ್ಲಿ ಏನೋ ಕಲಸಿ ಕೊಟ್ಟ. ನೋಡಿದರೆ ಮಂಡಾಳು! ಅವರು ‘ಮುಡಿ’ ಅನ್ನುತ್ತಾರೆ, ನೀರಿಗೆ ಅದ್ದುವುದಿಲ್ಲ, ಒಣದಾಗಿಯೇ ತಿನ್ನುತ್ತಾರೆ. ‘ಅಜ್ಜಾ, ಇದನ್ನ ನಾವು ಮುಂಜಾನೆ ತಿಂದು ಬಂದೀವಿ’ ಅಂದರೆ ಅಜ್ಜ ನಮ್ಮದೇ ಮಾತಿನಲ್ಲಿ, ‘ನೀವು ತೊಯ್ಸಿ ಕೆಡಿಸ್ತೀರಿ’ ಅಂದ. ಸಾಸಿವೆ ಎಣ್ಣೆಯ ಘಾಟು ಮೂಗಿಗೆ ಹತ್ತಿದವನಿಗೆ ಜಗಳ ಆಡಲು ಶಕ್ತಿ ಉಳಿಯುವುದಿಲ್ಲ.

ಸಿಂಧನೂರು ಬಿಟ್ಟು ಮಸ್ಕಿಯ ರಸ್ತೆ ಹಿಡಿದರೆ ಭತ್ತದ ಹಸಿರು ನಿಧಾನಕ್ಕೆ ಹಿಂದೆ ಸರಿದು ಜೋಳ, ಕಡಲೆ, ತೊಗರಿ ಕಾಣತೊಡಗುತ್ತವೆ. ನಾಲೆ ನೀರಿನ ಕೊನೆ ಭಾಗದವರ ಗೋಳು ಪ್ರತಿ ವರ್ಷ ಪೇಪರಿನಲ್ಲಿ ಬರುತ್ತದೆ. ನಾಲೆಯೇ ಇಲ್ಲದವರು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ದು ಓದುಗರಿಗೆ ನೆನಪಿರಬಹುದು. ಮಸ್ಕಿಯ ಶಾಸನದ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಅದನ್ನು ಕಂಡ, ಅದರಲ್ಲಿ ಅಶೋಕ ಎಂಬ ಹೆಸರೇ ಸಿಕ್ಕಿದ್ದರಿಂದ ದೇವಾನಾಂಪ್ರಿಯ ಯಾರು ಅನ್ನುವುದು ಖಾತ್ರಿಯಾಯಿತು. ಇಷ್ಟು ಸಾಕು. ಬಂಡೆ ನೋಡಿ ಇಳಿಯುವ ಹೊತ್ತಿಗೆ ಹೊಟ್ಟೆ ಹಸಿದಿರುತ್ತದೆ.

ಈ ರಸ್ತೆಯಲ್ಲೇ ಒಂದು ಮಾತು ಆಯಿತು. ಅದನ್ನು ಬರೆಯದೆ ಈ ಲೇಖನ ಮುಂದಕ್ಕೆ ಹೋಗುವುದಿಲ್ಲ.

ಶಾಸನ ನೋಡುವುದಕ್ಕಿಂತ ಮೊದಲು ಹೆದ್ದಾರಿ ಬಿಟ್ಟು ಒಂದು ಹಳ್ಳಿಯ ಒಳಗೆ ಹೋಗಿದ್ದೆವು. ಅಗಸಿಯ ಹತ್ತಿರ ಚಹಾದ ಹೋಟೆಲ್ ಕಂಡಿತು. ನಾನು ಬೈಕ್ ನಿಲ್ಲಿಸಿದೆ. ಹಿಂದೆ ಕೂತಿದ್ದ ನಮ್ಮ ಫೋಟೊಗ್ರಾಫರ್ ಗೆಳೆಯ ಇಳಿಯಲಿಲ್ಲ. ‘ಮುಂದ ಹೋಗೂನು ನಡಿಯೋ’ ಅಂದ. ಚಹಾ ಬೇಕು ಅಂತ ಅರ್ಧ ತಾಸಿನಿಂದ ತಲೆ ತಿಂದವನು ಅವನೇ. ಸ್ವಲ್ಪ ದೂರ ಹೋದ ಮೇಲೆ ಹೇಳಿದ: ‘ಕಟ್ಟಿ ಮ್ಯಾಲೆ ಕುಂತೋರ ಕೈಯಾಗ ಸ್ಟೀಲಿನ ಲೋಟ ಇದ್ವು. ಬೇವಿನ ಗಿಡದ ಕೆಳಗ ನಿಂತಿದ್ದ ಇಬ್ಬರ ಕೈಯಾಗ ಕಾಗದದ ಲೋಟ. ಎಲ್ಲರಿಗೂ ಕಾಗದದ್ದು ಕೊಟ್ರ ನಡೀತೈತಿ. ಎಲ್ಲರಿಗೂ ಸ್ಟೀಲಿಂದು ಕೊಟ್ರೂ ನಡೀತೈತಿ. ಕೆಲವರಿಗೆ ಅದು, ಕೆಲವರಿಗೆ ಇದು ಅಂದ್ರ ಗಾಡಿ ಇಳೀಬಾರ್ದು.’

ಅವನು ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಯ ಕೇರಿಯಿಂದ ಬಂದವನು. ಬೈಕಿನ ವೇಗದಲ್ಲಿ ಹೋಗುವಾಗಲೂ ಲೋಟ ಎಣಿಸುವ ಕಣ್ಣು ಅವನದು. ಸಂವಿಧಾನದ 15ನೇ ವಿಧಿಯಲ್ಲೇ ಅಂಗಡಿ, ಹೋಟೆಲು ಎಲ್ಲರಿಗೂ ತೆರೆದಿರಬೇಕು ಅಂತ ಬರೆದಿದೆ. 1955ರಿಂದ ಅಸ್ಪೃಶ್ಯತೆ ಆಚರಣೆಗೆ ಶಿಕ್ಷೆ ಕೊಡುವ ಕಾನೂನಿದೆ. ಎರಡು ಲೋಟದ ಪದ್ಧತಿ ಹೋಗಿದೆ ಅಂತ ಹೇಳುವವರು ಬಹಳ. ಲೋಟ ಹೋಗಿ ಕಾಗದ ಬಂದಿದೆ, ಕುಡಿದು ಬಿಸಾಕಿದರೆ ಸಾಕ್ಷಿಯೂ ಉಳಿಯುವುದಿಲ್ಲ.

ಪೇಟೆಯಲ್ಲಿ ಹೀಗೆ ಕಣ್ಣಿಗೆ ಹೊಡೆಯುವಂತೆ ಇರುವುದಿಲ್ಲ. ಅಲ್ಲಿ ಬೋರ್ಡು ಇರುತ್ತದೆ. ಜಾತಿಯ ಹೆಸರು ಹೊತ್ತ ಖಾನಾವಳಿಗಳು ಉತ್ತರ ಕರ್ನಾಟಕದ ಯಾವ ಊರಿನಲ್ಲಾದರೂ ಸಿಗುತ್ತವೆ. ‘ಇಲ್ಲಿ ಮಾಂಸ ಮಾಡಂಗಿಲ್ಲ ಅಂತ ತಿಳಿಸಾಕ ಹಾಕಿರ್ತಾರ, ನನಗೂ ಗೊತ್ತೈತಿ. ಒಳಗ ಹೋದ್ರ ಯಾರೂ ಏನೂ ಅನ್ನಂಗಿಲ್ಲ. ಆದ್ರೂ ಬಾಗಲದಾಗ ಒಂದೀಟು ಕಾಲು ನಿಲ್ತಾವ ನೋಡು’ ಅಂದ. ಇನ್ನೊಂದು ಪರೀಕ್ಷೆಯನ್ನೂ ಅವನೇ ಹೇಳಿದ. ಗಲ್ಲಾದಲ್ಲಿ ಕೂತವರು ‘ಯಾವೂರು?’ ಅಂದರೆ ಪರವಾಗಿಲ್ಲ, ನಮ್ಮ ಕಡೆ ಎಲ್ಲರೂ ಕೇಳುವುದೇ. ಅದರ ಬೆನ್ನಿಗೆ ‘ಯಾರ ಪೈಕಿ?’ ಅಂತ ಬಂದರೆ ಅವನಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಚುಕ್ಕೆ ಕೊಡುವ ಫೋನಿನಲ್ಲಿ ಇದಕ್ಕೆ ಜಾಗವಿಲ್ಲ. ಒಳ್ಳೆ ಹೋಟೆಲ್ ಯಾವುದು ಅಂದಾಗ ನಾನು ಈಗ ಹೇಳುವ ಹೆಸರುಗಳೆಲ್ಲ ಅವನೂ ನಿಶ್ಚಿಂತೆಯಿಂದ ಎರಡನೇ ಸಲ ಅನ್ನ ಹಾಕಿಸಿಕೊಂಡ ಜಾಗಗಳು.

ಅಂಥ ಒಂದು ಜಾಗ ಲಿಂಗಸುಗೂರಿನಲ್ಲಿದೆ. ನಮಗೆ ಅದು ಸಿಕ್ಕಿದ್ದು ಒಬ್ಬ ಕಂಡಕ್ಟರರಿಂದ. ಮನೆ ಬಿಟ್ಟು ದಿನಾ ಹೊರಗೆ ಉಣ್ಣಲೇಬೇಕಾದವರನ್ನು ಕೇಳಬೇಕು ಅನ್ನುವುದು ನನ್ನ ನಂಬಿಕೆ. ಕಂಡಕ್ಟರು, ಔಷಧ ಕಂಪನಿಯ ಹುಡುಗರು, ವರ್ಗವಾಗಿ ಬಂದ ಬ್ಯಾಂಕಿನವರು, ಹಟ್ಟಿ ಚಿನ್ನದ ಗಣಿಗೆ ಪಾಳಿಯ ಮೇಲೆ ಹೋಗುವ ಕಾರ್ಮಿಕರು. ಒಂದು ದಿನದ ರುಚಿಗೆ ಇವರು ಮಾರುಹೋಗುವವರಲ್ಲ, ನಾಳೆಯೂ ಹೊಟ್ಟೆ ಸರಿಯಾಗಿರಬೇಕಲ್ಲ. ಕಂಡಕ್ಟರಣ್ಣ ಹೇಳಿದ ಓಣಿಯಲ್ಲಿ ಎರಡು ಸಲ ತಿರುಗಿದರೂ ಬೋರ್ಡು ಕಾಣಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ರೊಟ್ಟಿ ಬಡಿಯುವ ಸಪ್ಪಳ.

ಮನೆಯ ಪಡಸಾಲೆಯೇ ಖಾನಾವಳಿ. ನಾಲ್ಕು ಟೇಬಲ್ಲು. ಒಳಗೆ ಅಕ್ಕ ಮತ್ತು ಇನ್ನಿಬ್ಬರು ಹೆಂಗಸರು ಒಲೆಯ ಮುಂದೆ. ಅಕ್ಕ ತಲೆ ಎತ್ತಿ ಕೇಳಿದ್ದು ಒಂದೇ ಮಾತು: ‘ಎಷ್ಟು ಮಂದಿ ಅದೀರಿ? ಕೈ ತೊಳಕೊಂಡು ಕುಂದರ್ರಿ.’ ತಟ್ಟೆಗೆ ಮೊದಲು ಹಸಿ ಉಳ್ಳಾಗಡ್ಡಿ, ಮೆಂತ್ಯೆ ತಪ್ಪಲು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಬಂದವು. ಆಮೇಲೆ ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಲೆ, ಗಟ್ಟಿ ಮೊಸರು. ಹೆಂಚಿನಿಂದ ಇಳಿದ ಬಿಳಿಜೋಳದ ರೊಟ್ಟಿ ಉಬ್ಬಿಕೊಂಡೇ ತಟ್ಟೆಗೆ ಬರುತ್ತಿತ್ತು. ಹಿಂಗಾರಿನಲ್ಲಿ ಕಪ್ಪು ಹೊಲದ ಹಸಿಯ ಮೇಲೆ ಬೆಳೆದ ಜೋಳ, ನಾದಿದರೆ ಬಿರಿಯುವುದಿಲ್ಲ. ಫೋಟೊಗ್ರಾಫರ್ ನಾಲ್ಕು ರೊಟ್ಟಿ ತಿಂದ, ಒಂದೂ ಫೋಟೊ ತೆಗೆಯಲಿಲ್ಲ.

‘ಯಕ್ಕಾ, ಒಂದು ಬೋರ್ಡರ ಹಾಕ್ಸಬಾರ್ದಾ?’ ಅಂತ ಕೇಳಿದೆ. ‘ಬೋರ್ಡ್ ಹಾಕಿದ್ರ ಉಣ್ಣೋರು ಹೆಚ್ಚಾಗ್ತಾರ ತಮ್ಮಾ, ರೊಟ್ಟಿ ಬಡಿಯೋ ಕೈ ಹೆಚ್ಚಾಗಂಗಿಲ್ಲ’ ಅಂದಳು. ಮೊದಲು ಐದು ಜನ ಇದ್ದರಂತೆ. ಇಬ್ಬರು ಗಂಡ-ಮಕ್ಕಳ ಜೊತೆ ಬೆಂಗಳೂರಿಗೆ ಗುಳೆ ಹೋದರು, ಕಟ್ಟಡದ ಕೆಲಸಕ್ಕೆ. ನಸುಕಿನಲ್ಲಿ ಎದ್ದು ಹೊಗೆ ಕುಡಿಯುತ್ತ ನೂರಾರು ರೊಟ್ಟಿ ಬಡಿಯುವ ಕೆಲಸಕ್ಕೆ ಸಿಗುವ ಕೂಲಿಗಿಂತ ಅಲ್ಲಿ ಇಟ್ಟಿಗೆ ಹೊತ್ತರೆ ಹೆಚ್ಚು. ರೊಟ್ಟಿ ಊಟದ ದರ ಏರಿಸಿದರೆ ಡಬ್ಬಿ ತರಿಸಿಕೊಳ್ಳುವ ಮಾಸ್ತರರೇ ಮುಖ ಸಿಂಡರಿಸುತ್ತಾರೆ. ಅದೇ ಮಾಸ್ತರರು ಪಿಜ್ಜಾಕ್ಕೆ ಎಷ್ಟು ಕೊಡುತ್ತಾರೆ ಅಂತ ಕೇಳಬೇಕೆನಿಸಿತು. ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ಮಾಸ್ತರರು ಕೂತಿದ್ದರಿಂದ ಕೇಳಲಿಲ್ಲ. ಖಾನಾವಳಿಯ ವಿಳಾಸವನ್ನೂ ನಾನು ಇಲ್ಲಿ ಬರೆಯುತ್ತಿಲ್ಲ. ಮೂರು ಜೋಡಿ ಕೈಗೆ ಮೂವತ್ತು ಟೇಬಲ್ಲಿನ ಗಿರಾಕಿಗಳನ್ನು ಕಳಿಸುವುದು ನನಗೆ ಸರಿ ಕಾಣಲಿಲ್ಲ. ಓಣಿಯಲ್ಲಿ ಕಿವಿ ಕೊಟ್ಟು ನಡೆದರೆ ಸಿಗುತ್ತದೆ.

ಇನ್ನು ಜಲದುರ್ಗ. ಜನ ರಜೆ ಹಾಕಿ, ದುಡ್ಡು ಸುರಿದು ಅಂಡಮಾನಿನ ದ್ವೀಪಕ್ಕೆ ಹೋಗುತ್ತಾರೆ. ನಮ್ಮ ಕೃಷ್ಣೆಯೂ ಲಿಂಗಸುಗೂರು ತಾಲ್ಲೂಕಿನಲ್ಲಿ ಕವಲೊಡೆದು ನಡುಗಡ್ಡೆಗಳನ್ನು ಮಾಡಿದ್ದಾಳೆ, ಜನ ಅಲ್ಲಿ ವಾಸವಾಗಿದ್ದಾರೆ. ಮೇಲೆ ನಾರಾಯಣಪುರದಿಂದ ಹೆಚ್ಚು ನೀರು ಬಿಟ್ಟಾಗ ಸೇತುವೆ ಮುಳುಗಿ ಅವರ ದಾರಿಯೇ ಕಡಿದುಹೋಗುತ್ತದೆ, ಹಾಗಾಗಿ ಮಳೆಗಾಲದಲ್ಲಿ ಆ ಕಡೆ ಹೋಗಬೇಡಿ. ಚಳಿಗಾಲದಲ್ಲಿ ಕೋಟೆಯ ಮೇಲೆ ಕೂತು ಕೆಳಗೆ ನದಿ ನೋಡುವುದಿದೆಯಲ್ಲ, ಅದಕ್ಕೆ ನಾನು ಎಷ್ಟು ಚುಕ್ಕೆ ಬೇಕಾದರೂ ಕೊಡುತ್ತೇನೆ. ಆದರೆ ಅಲ್ಲಿ ನಮಗೆ ಹೋಟೆಲ್ ಸಿಗಲಿಲ್ಲ. ಅದು ಮೊದಲೇ ಗೊತ್ತಿದ್ದರಿಂದ ಹಿಂದಿನ ರಾತ್ರಿಯೇ ಅಕ್ಕನಿಗೆ ಹೇಳಿಟ್ಟಿದ್ದೆವು. ‘ಮೆತ್ತನ್ನವು ಕಟ್ಟಲೋ, ಖಡಕ್ ರೊಟ್ಟಿ ಕಟ್ಟಲೋ?’ ಅಂತ ಕೇಳಿದ್ದಳು. ಅದೇ ದಿನ ಉಣ್ಣುವುದಾದರೆ ಮೆತ್ತನ್ನವೇ ಇರಲಿ, ಶೇಂಗಾ ಹಿಂಡಿ ಜೊತೆ ಮೊಸರು ಬೇರೆ ಡಬ್ಬಿಯಲ್ಲಿ ಹಾಕಿಸಿಕೊಳ್ಳಿ. ಬುತ್ತಿ ಕಟ್ಟಿದ ಬಟ್ಟೆಯನ್ನು ಸಂಜೆ ಮರಳಿ ತಂದುಕೊಡಬೇಕು, ಅಕ್ಕ ಎಣಿಸಿ ಇಟ್ಟಿರುತ್ತಾಳೆ.