ಕಿಂಟೋರ್‌ಗೆ ಪಾಳಿ

ಜುಲೈ 7, ಸೋಮವಾರ, ಆಲಿಸ್ ಸ್ಪ್ರಿಂಗ್ಸ್, ಆಸ್ಟ್ರೇಲಿಯ

ಡಯಾಲಿಸಿಸ್ ವಾರ್ಡಿನಲ್ಲಿ ಬೆಳಗಿನ ಪಾಳಿ. ಮರುಭೂಮಿ ಅಂತ ಹೆಸರು, ಚಳಿ ಮಾತ್ರ ಎಲುಬಿಗಿಳಿಯುತ್ತದೆ. ಕಿಟಕಿ ಪಕ್ಕದ ಆಂಟಿ ಇವತ್ತೂ ಮಾತಾಡಲಿಲ್ಲ. ಸೂಜಿ ಚುಚ್ಚಲು ಕೈ ಚಾಚಿ ಮುಖ ಗೋಡೆಗೆ ತಿರುಗಿಸಿಬಿಟ್ಟರು. ಬಿಪಿ ಸರಿ, ಪೊಟ್ಯಾಸಿಯಂ ಸರಿ. ಚಾರ್ಟ್ ಪ್ರಕಾರ ಚೆನ್ನಾಗಿದ್ದಾರೆ! ಅವರ ಊರು ಕಿಂಟೋರ್, ಇಲ್ಲಿಂದ ಪಶ್ಚಿಮಕ್ಕೆ 500 ಕಿಲೋಮೀಟರ್‌ಗೂ ಆಚೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕಾದವರು ಹೋಗುವುದೆಂದು, ಬರುವುದೆಂದು?

ಜುಲೈ 9, ಬುಧವಾರ

ಆಂಟಿಯ ಸೊಸೆ ಒಂದು ಪುಟ್ಟ ಡಬ್ಬಿ ತಂದಿದ್ದಳು. ಇರ್ಮಂಕ-ಇರ್ಮಂಕ ಗಿಡದ ಎಲೆ ಒಣಗಿಸಿ, ಕುಟ್ಟಿ, ಎಣ್ಣೆಯಲ್ಲಿ ಸೇರಿಸಿದ ಹಸಿರು ಮುಲಾಮು. ಹಿಂದೆ ಪ್ರಾಣಿಯ ಕೊಬ್ಬಿನಲ್ಲಿ ಕಲಸುತ್ತಿದ್ದರಂತೆ. ಮುಚ್ಚಳ ತೆಗೆದದ್ದೇ ವಾರ್ಡಿನ ಸ್ಪಿರಿಟ್ ವಾಸನೆ ಸೋತುಹೋಯಿತು. ಕೆಮ್ಮಿಗೆ ಎದೆಗೆ ಹಚ್ಚುತ್ತಾ ಆಂಟಿ ಮಾತಿಗಿಳಿದರು: ಈ ಗಿಡ ಯಾವ ಗುಡ್ಡದ ಬುಡದ್ದು, ಕಿತ್ತವರು ಯಾರು, ಆ ಜಾಗಕ್ಕೆ ಅವರು ಏನಾಗಬೇಕು. ಎಲೆಯ ಗುಣದ ಬಗ್ಗೆ ಒಂದೇ ಮಾತು, ಉಳಿದದ್ದೆಲ್ಲ ನೆಲ ಮತ್ತು ನೆಂಟಸ್ತಿಕೆ. ನಾನು ಬೇರೆ ಕುರ್ಚಿಗೆ ಹೋಗಬೇಕಿತ್ತು, ಹೋಗಲಿಲ್ಲ.

ಜುಲೈ 12, ಶನಿವಾರ

ಬೆಂಗಳೂರಿನ ಗೆಳತಿ ವಾಟ್ಸಾಪ್‌ನಲ್ಲಿ ಕಳಿಸಿದ ಜಾಹೀರಾತು: ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯಲು ವಾರಾಂತ್ಯದ ಶಿಬಿರ. ಫೀಸು ನೋಡಿ ನಗು ಬಂತು. ಇಲ್ಲಿಯ ಮೂಲನಿವಾಸಿಗಳ ನೆಲದ ನಂಟು ರಜೆಯ ಮಜವಲ್ಲ, ಜವಾಬ್ದಾರಿ. ಒರತೆಯನ್ನು ಶುಚಿ ಮಾಡಬೇಕು, ಹದ ನೋಡಿ ಹುಲ್ಲಿಗೆ ಬೆಂಕಿ ಹಾಕಬೇಕು, ಮಕ್ಕಳಿಗೆ ಆ ಜಾಗದ ಕಥೆ ಒಪ್ಪಿಸಬೇಕು. ಅದನ್ನು ಮಾಡಲಾಗದೆ ಪಟ್ಟಣದಲ್ಲಿ ಕೂತವರು ಸೊರಗುವುದನ್ನು ದಿನಾ ನೋಡುತ್ತಿದ್ದೇನೆ.

ಸಂಶೋಧಕಿ ಕೆರಿನ್ ಓಡೇ ಅವರ ಅಧ್ಯಯನ ಮತ್ತೆ ಓದಿದೆ. 1982ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಡರ್ಬಿ ಕಡೆಯ 10 ಮಂದಿ ಸಕ್ಕರೆ ಕಾಯಿಲೆಯ ಮೂಲನಿವಾಸಿಗಳು ತಮ್ಮ ನೆಲಕ್ಕೆ ಮರಳಿ ಏಳು ವಾರ ಬೇಟೆ, ಮೀನು, ಗೆಡ್ಡೆ ನೆಚ್ಚಿ ಬದುಕಿದರು. ಸರಾಸರಿ 8 ಕಿಲೋ ಇಳಿದರು, ಸಕ್ಕರೆಯೂ ಬಹಳ ಹತೋಟಿಗೆ ಬಂತು. ತೂಕ ಇಳಿದದ್ದು, ಕೊಬ್ಬು ಕಡಿಮೆಯಾದದ್ದು, ಓಡಾಟ ಹೆಚ್ಚಿದ್ದು ಕಾರಣ ಎನ್ನುತ್ತದೆ ವಿಜ್ಞಾನ. ಒಪ್ಪುತ್ತೇನೆ. ಆಂಟಿಯನ್ನು ಕೇಳಿದರೆ ಉತ್ತರ ಇನ್ನೂ ಚಿಕ್ಕದಿರುತ್ತದೆ.

ಜುಲೈ 16, ಬುಧವಾರ

ದೂರದ ಊರುಗಳಲ್ಲೇ ಡಯಾಲಿಸಿಸ್ ನಡೆಸುವ ಪರ್ಪಲ್ ಹೌಸ್‌ನಿಂದ ಸುದ್ದಿ: ಕಿಂಟೋರ್‌ನ ಯಂತ್ರದಲ್ಲಿ ಆಂಟಿಗೆ ಮೂರು ವಾರದ ಪಾಳಿ ಸಿಕ್ಕಿದೆ. ಹಠದಿಂದ ಕಟ್ಟಿದ ಸಂಸ್ಥೆ ಇದು. ಕಿಂಟೋರ್ ಕಡೆಯ ಪಿಂಟುಪಿ ಮೂಲನಿವಾಸಿ ಹಿರಿಯರು ತಮ್ಮ ನೆಲದ ಕಥೆಗಳನ್ನೇ ದೊಡ್ಡ ಕ್ಯಾನ್ವಾಸ್‌ಗಳಲ್ಲಿ ಬರೆದು, 2000ದಲ್ಲಿ ಸಿಡ್ನಿಯ ಹರಾಜಿನಲ್ಲಿ 10 ಲಕ್ಷ ಡಾಲರ್‌ಗೂ ಹೆಚ್ಚು ಎತ್ತಿದರು. 2004ರಲ್ಲಿ ಕಿಂಟೋರ್‌ನಲ್ಲೇ ಡಯಾಲಿಸಿಸ್ ಶುರು. ಒಂದು ಸಲಕ್ಕೆ ನೂರು ಲೀಟರ್‌ಗೂ ಮಿಕ್ಕಿ ಶುದ್ಧ ನೀರು ಬೇಕು, ಅದೂ ಮರುಭೂಮಿಯ ಗಡಸು ನೀರನ್ನು ಸೋಸಿ! ನೆಲದ ಚಿತ್ರ ಮಾರಿ ನೆಲಕ್ಕೆ ಮರಳುವ ದಾರಿ ಕೊಂಡುಕೊಂಡವರ ಮುಂದೆ ನಮ್ಮ ಮ್ಯಾನೇಜ್‌ಮೆಂಟ್ ಮೀಟಿಂಗುಗಳು ಯಾವ ಲೆಕ್ಕ?

ಆಂಟಿ ಇವತ್ತು ಕುರ್ಚಿಯಲ್ಲೇ ಸಾಮಾನಿನ ಪಟ್ಟಿ ಬರೆಸಿದರು: ಕಂಬಳಿ, ಚಹಾಪುಡಿ, ಬ್ಯಾಟರಿ.

ಜುಲೈ 21, ಸೋಮವಾರ

ಕಿಂಟೋರ್‌ನಿಂದ ಸೊಸೆಯ ಫೋನ್, ಹಿಂದೆ ನಾಯಿಗಳ ಗಲಾಟೆ. ನಿನ್ನೆ ಆಂಟಿ ಮೊಮ್ಮಕ್ಕಳನ್ನು ಕಟ್ಟಿಕೊಂಡು ಗಾಡಿಯಲ್ಲಿ ಗುಡ್ಡದ ಕಡೆ ಹೋಗಿದ್ದರಂತೆ. ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ. ಕಾಲು ಊದಿದೆಯಾ ಅಂತ ಕೇಳಿದೆ. ಸ್ವಲ್ಪ. ಚಹಾ ಜಾಸ್ತಿಯಾಗಿದೆ. ಅಲ್ಲಿಯ ನರ್ಸ್‌ಗೆ ನಾಳೆಯೇ ಹೇಳಬೇಕು.